ಮನೋವೈದ್ಯರು ಬರೆದುಕೊಟ್ಟ ಮಾತ್ರೆ ಬಗ್ಗೆ ನಾವು ಮಾತಾಡಬಹುದಾ?

ನಿಮ್ಮ ಪ್ರಶ್ನೆ ಇದು: "ನನ್ನ ತಮ್ಮನಿಗೆ ಬೈಪೋಲಾರ್ ಅಂದಿದ್ದಾರೆ. ಮಾತ್ರೆ ಶುರುವಾದ ಮೇಲೆ ಸದಾ ನಿದ್ದೆ, ದಪ್ಪ ಬೇರೆ ಆಗಿದ್ದಾನೆ. ಮಾತ್ರೆ ಬದಲಿಸಿ ಅಂತ ನಾವು ಕೇಳಬಹುದಾ? ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರಾ?"

ಕೇಳಬಹುದು, ಕೇಳಲೇಬೇಕು. ಆದರೆ ಅದರಲ್ಲಿರುವ 'ನಾವು' ಅನ್ನುವ ಮಾತು ನನಗೆ ಸ್ವಲ್ಪ ಚುಚ್ಚಿತು. ಅದನ್ನು ಆಮೇಲೆ ಹೇಳುತ್ತೇನೆ.

ನನಗೂ ಅದೇ ಕಾಯಿಲೆ, ಮನಸ್ಸು ಒಮ್ಮೆ ವಿಪರೀತ ಏರಿ, ಇನ್ನೊಮ್ಮೆ ಕುಸಿಯುವ ಬೈಪೋಲಾರ್. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ, ಬಟವಾಡೆ ಲೆಕ್ಕ ಬರೆಯುವವನು. ಬೆಳಿಗ್ಗೆ ಏಳೂವರೆಗೆಲ್ಲ ಚೆಕ್‌ರೋಲ್ ಹಿಡಿದು ನಿಂತಿರಬೇಕು. ಮೊದಲ ಸಲ ಕಾಯಿಲೆ ಜೋರಾದಾಗ ಒಬ್ಬ ಡಾಕ್ಟರ್ ಒಲಾಂಜಪಿನ್ ಕೊಟ್ಟರು. ಸುಳ್ಳು ಹೇಳಬಾರದು, ತಲೆಯ ಓಟ ನಿಂತಿತು. ಆದರೆ ಬೆಳಿಗ್ಗೆ ಎದ್ದೇಳಲು ಆಗುತ್ತಿರಲಿಲ್ಲ. ಐದಾರು ತಿಂಗಳಲ್ಲಿ 11 ಕೆಜಿ ಏರಿದೆ. ಹೇಳಿದ್ದಕ್ಕೆ "ಅದೆಲ್ಲ ಇದ್ದದ್ದೇ, ನಿಲ್ಲಿಸಬೇಡಿ" ಅಂದು ಮುಂದಿನ ಟೋಕನ್ ಕರೆದರು.

ನಾನೂ ತಲೆಯಾಡಿಸಿ ಬಂದೆ. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ದಿನಾ ಒಂದೊಂದು ಕಿತ್ತು ಬಚ್ಚಲ ಒಲೆಗೆ ಹಾಕುತ್ತಿದ್ದೆ, ಹೆಂಡತಿ ಶೀಟ್ ಎಣಿಸಿದರೂ ಲೆಕ್ಕ ಸರಿ ಇರಲಿ ಅಂತ. ರೈಟರ್ ಬುದ್ಧಿ ಅಲ್ವಾ! ಎರಡು ತಿಂಗಳು ಆರಾಮಾಗಿದ್ದೆ. ಮೂರನೇ ತಿಂಗಳು, ಸರಿಯಾಗಿ ರೊಬಸ್ಟಾ ಕುಯ್ಲಿನ ಹೊತ್ತಿಗೆ, ಮೂರು ರಾತ್ರಿ ನಿದ್ದೆಗೆಟ್ಟು ಇಡೀ ತೋಟಕ್ಕೆ ಹೊಸ ಲೆಕ್ಕದ ಪದ್ಧತಿ ಬರೆದೆ. ಬಟವಾಡೆ ಹಣವನ್ನು ಕಂಡಕಂಡವರಿಗೆ ಹಂಚಿದೆ. ಕೊನೆಗೆ ಹಾಸನದಲ್ಲಿ ಅಡ್ಮಿಟ್.

ಅಲ್ಲಿ ಸಿಕ್ಕ ಡಾಕ್ಟರ್ ಮೇಡಂ ಬೈಯಲಿಲ್ಲ. ನಾನು ಸ್ವಲ್ಪ ಸುಧಾರಿಸಿದ ಮೇಲೆ "ಬೆಳಿಗ್ಗೆ ಎಷ್ಟು ಗಂಟೆಗೆ ಕೆಲಸ?" ಅಂತ ಕೇಳಿದರು. ಆಮೇಲೆ ಎರಡು ದಾರಿ ಹೇಳಿದರು. ಒಂದು, ಅದೇ ಮಾತ್ರೆಯನ್ನು ಕಡಿಮೆ ಮಾಡಿ ರಾತ್ರಿ ಬೇಗ ತಗೊಳ್ಳುವುದು. ಇನ್ನೊಂದು, ನಿಧಾನವಾಗಿ ಲಿಥಿಯಂ ಅನ್ನುವ ಬೇರೆ ಮಾತ್ರೆಗೆ ಹೋಗುವುದು. ಲಿಥಿಯಂನಲ್ಲಿ ಅಷ್ಟು ಮಂಪರು ಇಲ್ಲ, ಆದರೆ ಕೈ ನಡುಗಬಹುದು, ಬಾಯಾರಿಕೆ ಜಾಸ್ತಿ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕು, ತೀರಾ ಏರಿದರೆ ವಿಷವಾಗುತ್ತದೆ. ಹಾಗಾಗಿ ಆಗಾಗ ಪರೀಕ್ಷೆಗೆ ರಕ್ತ ಕೊಡಬೇಕು, ಅದೂ ರಾತ್ರಿಯ ಮಾತ್ರೆ ತಗೊಂಡು 12 ತಾಸು ಕಳೆದ ಮೇಲೆ. ಥೈರಾಯ್ಡ್, ಕಿಡ್ನಿಯನ್ನೂ ನೋಡಿಸುತ್ತಿರಬೇಕು. ವಾಂತಿ ಭೇದಿ ಆದರೆ, ಅಥವಾ ಮೈಕೈ ನೋವಿಗೆ ಸುಮ್ನೆ ಐಬುಪ್ರೊಫೇನ್ ನುಂಗಿದರೂ ಮಟ್ಟ ಏರಬಹುದು. ಎಲ್ಲ ಹೇಳಿ, "ನಿಮ್ಮ ಅಕ್ಷರ ಸ್ವಲ್ಪ ಕೆಡಬಹುದು, ಪರವಾಗಿಲ್ವಾ?" ಅಂದರು.

ಒಂದು ವಾರ ಯೋಚಿಸಿ ಲಿಥಿಯಂ ಅಂದೆ. ಈಗ ನಾನು ಬರೆದ 7 ನೋಡಿದರೆ 1ರ ಹಾಗಿರುತ್ತದೆ, ಮೇಸ್ತ್ರಿ ನಗುತ್ತಾನೆ. ಆದರೆ ಆ ನಡುಕ ನಾನೇ ಒಪ್ಪಿ ತಗೊಂಡಿದ್ದು. ಮಾತ್ರೆ ಒಲೆಗೆ ಹೋಗುತ್ತಿಲ್ಲ. (ನಿಮ್ಮ ತಮ್ಮನಿಗೂ ಲಿಥಿಯಂ ಕೊಡಿಸಿ ಅಂತ ಅಲ್ಲ. ಅವರ ಮೈ ಬೇರೆ, ಕೆಲಸ ಬೇರೆ.)

ಈಗ 'ನಾವು' ವಿಷಯ. ಮೊದಲೆಲ್ಲ ಡಾಕ್ಟರ್ ಹತ್ತಿರ ಮಾತಾಡುತ್ತಿದ್ದದ್ದು ನನ್ನ ಅಣ್ಣ. "ಹೇಗಿದ್ದಾನೆ?" ಅಂತ ಅವರು ಅಣ್ಣನನ್ನು ಕೇಳುವುದು, "ಪರವಾಗಿಲ್ಲ ಸಾರ್, ಸ್ವಲ್ಪ ಸಿಟ್ಟು" ಅಂತ ಅಣ್ಣ ಹೇಳುವುದು. ನಾನು ಪಕ್ಕದಲ್ಲಿ, ಪಶು ಆಸ್ಪತ್ರೆಗೆ ಹೊಡೆದುಕೊಂಡು ಬಂದ ಹಸುವಿನ ಹಾಗೆ. ಅಣ್ಣನ ಪ್ರೀತಿಗೇನೂ ಕೊರತೆ ಇರಲಿಲ್ಲ. ಆದರೆ ಅವನಿಗೆ ಬೇಕಿದ್ದದ್ದು ನಾನು ಗಲಾಟೆ ಮಾಡದಿರುವುದು. ನನಗೆ ಬೇಕಿದ್ದದ್ದು ಬೆಳಿಗ್ಗೆ ಏಳುವುದು. ನಿಮ್ಮ ತಮ್ಮನಿಗೆ ದಪ್ಪ ಆಗಿದ್ದೇ ಬೇಜಾರೋ, ನಿದ್ದೆಯೋ, ಅಕ್ಕನ ಎದುರು ಹೇಳಲಾಗದ ಇನ್ನೇನೋ, ಯಾರಿಗೆ ಗೊತ್ತು? ಡಾಕ್ಟರ್ ಹತ್ತಿರ ಐದು ನಿಮಿಷ ಅವರೊಬ್ಬರನ್ನೇ ಬಿಟ್ಟು ನೀವು ಹೊರಗೆ ಕೂತಿರಿ.

ಕಾನೂನೂ ಅವರ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಒಬ್ಬರ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಿದ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುವಂತಿಲ್ಲ. ಹಾಗಂತ ಆ ಮೂರು ರಾತ್ರಿ ನನ್ನನ್ನು ಕೇಳಿ ಪ್ರಯೋಜನ ಇರಲಿಲ್ಲ, ಒಪ್ಪುತ್ತೇನೆ. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಆರಾಮಿದ್ದಾಗಲೇ ಬರೆದಿಡಬಹುದು. ಅಡ್ವಾನ್ಸ್ ಡೈರೆಕ್ಟಿವ್ ಅಂತಾರೆ. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ. ನಾನು ಹೆಂಡತಿ ಹೆಸರು ಬರೆದೆ. ಅಣ್ಣ ಎರಡು ವಾರ ಮುಖ ಊದಿಸಿಕೊಂಡಿದ್ದ.

ಡಾಕ್ಟರ್ ಬೇಜಾರಾಗುತ್ತಾರಾ ಅಂದಿರಿ. ಓಪಿಡಿ ಗದ್ದಲದಲ್ಲಿ ಕೆಲವರು ಸಿಡುಕುತ್ತಾರೆ, ನಿಜ. "ಮಾತ್ರೆ ಬದಲಿಸಿ" ಅನ್ನುವುದಕ್ಕಿಂತ "ಬೇರೆ ಏನೇನು ದಾರಿ ಇದೆ, ಒಂದೊಂದರಲ್ಲಿ ತೊಂದರೆ ಏನು?" ಅಂತ ಕೇಳಿ ನೋಡಿ. ಏನು ಕಷ್ಟ ಆಗುತ್ತಿದೆ ಅನ್ನುವುದನ್ನು ತಮ್ಮನೇ ಎರಡು ಸಾಲು ಬರೆದುಕೊಂಡು ಹೋಗಲಿ, ಒಳಗೆ ಹೋದ ತಕ್ಷಣ ಚೀಟಿ ಕೊಡಲಿ. ಬಾಯಿ ಕಟ್ಟಿದರೂ ಚೀಟಿ ಮಾತಾಡುತ್ತದೆ. ತೀರಾ ಕೇಳಿಸಿಕೊಳ್ಳದವರಾದರೆ ಇನ್ನೊಬ್ಬರನ್ನು ನೋಡಿ, ಅದು ದ್ರೋಹವೇನಲ್ಲ. ಮಧ್ಯೆ ಏನಾದರೂ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಲ್ಲಿಯವರೆಗೆ ಮಾತ್ರೆ ಮಾತ್ರ ತಾವಾಗಿ ಬಿಡುವುದು ಬೇಡ. ಈಗಾಗಲೇ ಬಿಟ್ಟಿದ್ದಾರಾ ಅಂತ ಅನುಮಾನ ಇದ್ದರೆ ಶೀಟ್ ಎಣಿಸಲು ಹೋಗಬೇಡಿ, ಲೆಕ್ಕ ಸರಿಯಾಗೇ ಇರುತ್ತದೆ. ಬೈಯದೆ ಅವರನ್ನೇ ಕೇಳಿ.