ಉಲ್ಕೆಯ ವೇಗಕ್ಕೆ ಒಂದೇ ಅಂಕಿ ಸಾಲದು

ಪ್ರಿಯ ಲೇಖಕರೇ,

ಉಲ್ಕೆಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟದಲ್ಲೇ ‘ಮಿಂಚಿನ ವೇಗ’, ‘ಊಹೆಗೂ ನಿಲುಕದ ವೇಗ’ ಎಂದಿದ್ದೀರಿ. ಆಮೇಲೆ ‘ಉಲ್ಕೆಗಳು ಸೆಕೆಂಡಿಗೆ 72 ಕಿ.ಮೀ. ವೇಗದಲ್ಲಿ ವಾತಾವರಣ ಹೊಗುತ್ತವೆ’ ಎಂಬ ಒಂದೇ ಸಾಲಿನಲ್ಲಿ ವಿಷಯ ಮುಗಿಸಿದ್ದೀರಿ. 72 ಎಂಬುದು ಮೇಲಿನ ಮಿತಿ. ಕೆಳಗಿನದು ಸುಮಾರು 11. ಪ್ರತಿ ನವೆಂಬರಿನಲ್ಲಿ ಸುರಿಯುವ ಲಿಯೊನಿಡ್ ಉಲ್ಕಾವೃಷ್ಟಿಯ ಉಲ್ಕೆಗಳ ವೇಗ 71, ಡಿಸೆಂಬರಿನ ಜೆಮಿನಿಡ್ ಉಲ್ಕಾವೃಷ್ಟಿಯದ್ದು 35, ಅಂದರೆ ಅದರ ಅರ್ಧ. ಬೆಂಗಳೂರಿನಿಂದ ಮೈಸೂರಿಗೆ ಒಂದಕ್ಕೆ ಎರಡು ಸೆಕೆಂಡು, ಇನ್ನೊಂದಕ್ಕೆ ನಾಲ್ಕು ಎಂದು ಬರೆದಿದ್ದರೆ ಓದುಗರಿಗೆ ಕಣ್ಣಿಗೆ ಕಟ್ಟುತ್ತಿತ್ತು.

ಈ ವ್ಯತ್ಯಾಸ ಏಕೆ ಎಂಬುದಕ್ಕೆ ಉತ್ತರ ನಿಮ್ಮ ಬರಹದೊಳಗೇ ಇದೆ. ಅಜ್ಜ ನಿಮ್ಮನ್ನು ಎಬ್ಬಿಸಿ ಮಾಳಿಗೆಗೆ ಕರೆದೊಯ್ದು, ‘ಉಲ್ಕೆ ನೋಡೋಕೆ ಸರಿರಾತ್ರಿ ಕಳೀಬೇಕು ಮಗಾ’ ಅಂದರಲ್ಲ, ಅದನ್ನು ನೀವು ಬರೀ ನೆನಪೆಂದು ಬಿಟ್ಟುಬಿಟ್ಟಿದ್ದೀರಿ. ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ಸರಿರಾತ್ರಿ ಕಳೆದ ಮೇಲೆ ನಾವು ನಿಂತ ಬದಿ ಆ ಓಟದ ಮುಂದಿನ ದಿಕ್ಕಿಗೆ ತಿರುಗುತ್ತದೆ. ಮಳೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಎದೆ ನೆನೆದಷ್ಟು ಬೆನ್ನು ನೆನೆಯುವುದಿಲ್ಲ. ಸೌರಮಂಡಲದ ಅಂಚಿನಿಂದ ಬರುವ ಕಣ ನಮ್ಮ ಹತ್ತಿರ ತಲುಪುವಾಗ ಅದರ ವೇಗ ಹೆಚ್ಚೆಂದರೆ 42. ಅದು ನೇರ ಎದುರಾದರೆ 42ಕ್ಕೆ 30 ಕೂಡಿ 72. ಭೂಮಿಯ ಜೊತೆಜೊತೆಗೇ ಸಾಗುವ ಕಲ್ಲಿಗೆ ಆ ಲಾಭವಿಲ್ಲ, ಆದರೂ ಭೂಮಿಯ ಸೆಳೆತದಿಂದಲೇ 11 ದಕ್ಕುತ್ತದೆ.

ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿದ ಉಲ್ಕೆಯ ಭಾಗ ಚೆನ್ನಾಗಿದೆ, ಆದರೆ ಅಲ್ಲಿ ಬೆಳಕೂ ಸದ್ದೂ ಒಟ್ಟಿಗೆ ಬರಲಿಲ್ಲ. 2013ರ ಫೆಬ್ರುವರಿ 15ರಂದು ಸುಮಾರು 20 ಮೀಟರ್ ಅಗಲದ ಆ ಬಂಡೆ ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬಂದು ಸುಮಾರು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಬೆಳಕು ಕಂಡು ಜನ ಕಿಟಕಿಗೆ ಬಂದರು. ಆಘಾತದ ಅಲೆ ತಲುಪಿದ್ದು ಒಂದು ನಿಮಿಷಕ್ಕೂ ಹೆಚ್ಚು ತಡವಾಗಿ. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಬಹಳ ಜನರಿಗೆ ತಗುಲಿದ್ದು ಒಡೆದ ಗಾಜು. ಆ ಮೌನದ ಹೊತ್ತನ್ನು ಬರೆಯಿರಿ, ಅಲ್ಲಿ ನಿಧಾನಿಸಿ.

‘ಮಾನವ ಎಷ್ಟು ಕ್ಷುದ್ರ’ ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಅಜ್ಜನ ಮಾಳಿಗೆಯಿಂದಲೇ ಶುರುಮಾಡಿ. ಅದು ಯಾವ ತಿಂಗಳು, ಎಷ್ಟು ಗಂಟೆ ಎಂದು ಮನೆಯವರನ್ನು ಕೇಳಿ ನೋಡಿ. ಡಿಸೆಂಬರ್ ನಡುಭಾಗವಾಗಿದ್ದರೆ ನೀವು ಅಂದು ನೋಡಿದ್ದು ಬಹುಶಃ ಜೆಮಿನಿಡ್‌ಗಳನ್ನೇ.

ಇಂತಿ,
ಸಂಪಾದಕ