ತೂಕ ಇಳಿದ ಮೇಲೆ ಜೋತು ಬಿದ್ದ ಚರ್ಮ ಎಣ್ಣೆ ಮಸಾಜ್‌ನಿಂದ ಬಿಗಿಯಾಗುತ್ತಾ?

ಆಗುವುದಿಲ್ಲ. ಎಣ್ಣೆಗೆ ಒಣ ಚರ್ಮ ಮೆತ್ತಗಾಗುತ್ತದೆ, ಅಷ್ಟೇ. ನಾನೂ ಜಾಸ್ತಿ ತೂಕ ಇಳಿಸಿದವಳೇ, ಹೊಟ್ಟೆಯ ಚರ್ಮ ಇನ್ನೂ ಸ್ವಲ್ಪ ಜೋಲುತ್ತದೆ.

ನೀವು 30 ಕೆಜಿ ಇಳಿಸಿದ್ದೀರಿ, ವಯಸ್ಸು ನಲವತ್ತು ದಾಟಿದೆ, ಎರಡು ಹೆರಿಗೆ ಆಗಿದೆ ಎಂದು ಬರೆದಿದ್ದೀರಿ. ಹಿಗ್ಗಿದ ಚರ್ಮವನ್ನು ಮತ್ತೆ ಒಳಕ್ಕೆ ಎಳೆಯುವುದು ಎಲಾಸ್ಟಿನ್ ಎಂಬ ನಾರು. ದೇಹ ಅದನ್ನು ಮುಖ್ಯವಾಗಿ ಚಿಕ್ಕ ವಯಸ್ಸಿನಲ್ಲೇ ತಯಾರಿಸಿ ಮುಗಿಸುತ್ತದೆ. ವರ್ಷಗಟ್ಟಲೆ ಹಿಗ್ಗಿ ಹಾಳಾದರೆ ಮೊದಲಿನಂತೆ ಕೂಡಿಕೊಳ್ಳುವುದು ಕಷ್ಟ. ಬಿಸಿಲು, ಸಿಗರೇಟು ಇದನ್ನು ಇನ್ನಷ್ಟು ಕೆಡಿಸುತ್ತವೆ.

ಮೊದಲು ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ತೆಳ್ಳಗೆ ಬಂದರೆ ಹೆಚ್ಚಿನದು ಬರೀ ಚರ್ಮ. ದಪ್ಪಗಿದ್ದರೆ ಒಳಗೆ ಕೊಬ್ಬು ಉಳಿದಿದೆ, ಅದು ಇನ್ನೂ ಇಳಿಯಬಹುದು. ಹೆರಿಗೆಯಾದವರಲ್ಲಿ ಇನ್ನೊಂದು ಸಾಧ್ಯತೆ ಇದೆ. ಹೊಟ್ಟೆಯ ನಡುವಿನ ಸ್ನಾಯುಗಳು ಎಡಕ್ಕೂ ಬಲಕ್ಕೂ ಸರಿದು ಹೊಟ್ಟೆ ಮುಂದಕ್ಕೆ ಬಂದಿರುತ್ತದೆ. ಅದಕ್ಕೆ ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿಯಿರಿ, ಯೂಟ್ಯೂಬ್ ನೋಡಿ ಸುಮ್ನೆ ಕ್ರಂಚಸ್ ಶುರು ಮಾಡಬೇಡಿ.

ತೋಳು, ತೊಡೆಗೆ ಡಂಬೆಲ್, ಸ್ಕ್ವಾಟ್ ನಿಜಕ್ಕೂ ಉಪಯೋಗ. ಸ್ನಾಯು ಬೆಳೆದರೆ ಸಡಿಲ ಜಾಗ ಸ್ವಲ್ಪ ತುಂಬುತ್ತದೆ. ಜೊತೆಗೆ ಮೊಟ್ಟೆ, ಕಾಳು, ಮೊಸರು ಬೇಕು. ಸಾರಿನ ತಿಳಿ ಬಡಿಸಿಕೊಂಡು ಬೇಳೆ ತಿಂದೆ ಅಂದರೆ ಆಗಲ್ಲ!

ಕೊಲಾಜನ್ ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್, ಅದರ ಕ್ರೀಮಿಗೆ ದುಡ್ಡು ಸುರಿಯಬೇಡಿ. ಆ ಕಣ ದೊಡ್ಡದು, ಚರ್ಮದ ಆಳಕ್ಕೆ ಇಳಿಯುವುದಿಲ್ಲ. ಕ್ಲಿನಿಕ್‌ಗಳಲ್ಲಿ ಚರ್ಮವನ್ನು ಒಳಗಿನಿಂದ ಬಿಸಿ ಮಾಡುವ ರೇಡಿಯೋಫ್ರೀಕ್ವೆನ್ಸಿ ಯಂತ್ರದಿಂದ ಅಲ್ಪಸ್ವಲ್ಪ ಸಡಿಲವಾದದ್ದು ಕೊಂಚ ಬಿಗಿಯಾಗಬಹುದು. ಕೈತುಂಬ ಹಿಡಿಯುವಷ್ಟು ಮಡಿಕೆ ಅದಕ್ಕೆ ಬಗ್ಗುವುದಿಲ್ಲ. ಪ್ಯಾಕೇಜ್ ಅಂತ ಅಡ್ವಾನ್ಸ್ ಕೇಳಿದರೆ ಎದ್ದು ಬನ್ನಿ.

ಅಷ್ಟು ಚರ್ಮ ಹೋಗಬೇಕೆಂದರೆ ಉಳಿದಿರುವುದು ಹೊಟ್ಟೆಯ ಹೆಚ್ಚುವರಿ ಚರ್ಮ ಕತ್ತರಿಸಿ ತೆಗೆಯುವ ಆಪರೇಷನ್, ಅಂದರೆ ಟಮ್ಮಿ ಟಕ್. ಅರ್ಹ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ. ತೂಕ ಕನಿಷ್ಠ 6 ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು, ಇನ್ನೊಂದು ಮಗುವಿನ ಯೋಚನೆ ಇರಬಾರದು. ಸೊಂಟದ ಈ ಕಡೆಯಿಂದ ಆ ಕಡೆಗೆ ಗಾಯದ ಗೆರೆ ಕಾಯಂ ಉಳಿಯುತ್ತದೆ. ನನಗೆ ಆ ಗೆರೆಗಿಂತ ಈ ಮಡಿಕೆಯೇ ವಾಸಿ ಅನ್ನಿಸಿತು, ಮಾಡಿಸಿಕೊಳ್ಳಲಿಲ್ಲ. ನಿಮಗೆ ಬೇರೆ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ.

ಬರೀ ಅಂದಕ್ಕಾಗಿ ಮಾಡಿಸಿದರೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಮಡಿಕೆಯ ಅಡಿ ಬೆವರಿ ಪದೇ ಪದೇ ತುರಿಕೆ, ಹುಣ್ಣು ಆಗುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಚೀಟಿಗಳನ್ನು ಇಟ್ಟುಕೊಳ್ಳಿ. ವೈದ್ಯಕೀಯ ಅಗತ್ಯ ಎಂದು ವಿಮೆಯವರನ್ನು ಕೇಳುವಾಗ ಅವು ಬೇಕಾಗುತ್ತವೆ.