ಲಕ್ಷದ್ವೀಪಕ್ಕೆ ಎಷ್ಟು ಪ್ರವಾಸಿಗರು? ಬಾವಿಯನ್ನು ಕೇಳಿ ಹೇಳೋಣ

ಪ್ರಶ್ನೆ: 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಮೇಲೆ ಲಕ್ಷದ್ವೀಪದ ಹೆಸರು ಎಲ್ಲರ ಬಾಯಲ್ಲಿದೆ. ಮಾಲ್ಡೀವ್ಸ್‌ಗೆ ಹೋಗುವ ಹಣ ನಮ್ಮಲ್ಲೇ ಉಳಿಯಲಿ, ಅಲ್ಲಿನ ಯುವಕರಿಗೂ ಕೆಲಸ ಸಿಗಲಿ ಎಂದರೆ ಪರಿಸರದವರು ಅಡ್ಡ ಬರುತ್ತಾರೆ. ಅಷ್ಟು ದೊಡ್ಡ ಸಮುದ್ರದ ನಡುವೆ ನಾಲ್ಕು ಹೋಟೆಲ್ ಹೆಚ್ಚಾದರೆ ಏನು ನಷ್ಟ? (ವ್ಯಾಪಾರಿ, ಮಂಗಳೂರು)

ಉತ್ತರ: ಕೆಲಸ ಸಿಗಬೇಕೆಂಬ ಮಾತಿಗೆ ನನ್ನ ತಕರಾರಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಿಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮನೆ ಕಟ್ಟುವ ಜಲ್ಲಿಯನ್ನೂ ಮಂಗಳೂರಿನ ಹಳೆ ಬಂದರಿನಿಂದ ತರಿಸಿಕೊಳ್ಳುವ ಊರುಗಳವು ಎಂಬುದು ನಿಮಗೆ ಗೊತ್ತಿದ್ದೀತು.

ಸಮುದ್ರ ದೊಡ್ಡದು, ನೆಲ ದೊಡ್ಡದಲ್ಲ. 36 ದ್ವೀಪಗಳೂ ಸೇರಿ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವ 10 ದ್ವೀಪಗಳಲ್ಲಿ 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಮಂದಿ. ಹೊಳೆ, ತೊರೆ ಒಂದೂ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ನಿಂತಿರುತ್ತದೆ. ನೆಲದಡಿಯ ಸಿಹಿನೀರೆಂದರೆ ಅಷ್ಟೇ. ಬಿಂದಿಗೆಯಲ್ಲಿ ಸೇದಿದರೆ ಆ ಪದರ ಉಳಿಯುತ್ತದೆ. ಪಂಪ್ ಹಾಕಿ ಗಂಟೆಗಟ್ಟಲೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಅದೇ ಮರಳಿನಲ್ಲಿ ಶೌಚಗುಂಡಿ ತೋಡಿದರೆ ಕೊಳೆ ಸರಿಯಾಗಿ ಸೋಸದೆ ಬಾವಿಗೂ, ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ಕಡಲಾದ ಲಗೂನಿಗೂ ಇಳಿಯುತ್ತದೆ. ಕವರಟ್ಟಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರಾಗಿಸುವ ಘಟಕವಿದೆ. ಅದನ್ನು ಕಟ್ಟಿದ್ದು ಊರಿನ ಜನ ಕುಡಿಯಲೆಂದು, ಈಜುಕೊಳ ತುಂಬಿಸಲೆಂದಲ್ಲ.

ನೀರಿಗಾದರೂ ಯಂತ್ರವಿದೆ. ನನಗೆ ಹೆಚ್ಚು ಚಿಂತೆ ಹಚ್ಚಿರುವುದು ಮೀನು. ಲಕ್ಷದ್ವೀಪದವರು ದಶಕಗಳಿಂದ ಹೊರಗಡಲಿನ ಟ್ಯೂನಾವನ್ನು ಗಾಳದಲ್ಲಿ ಒಂದೊಂದಾಗಿ ಎತ್ತುತ್ತ ಬಂದಿದ್ದರಿಂದ ಹವಳದ ದಿಬ್ಬದ ಮೀನುಗಳು ಬಹುಮಟ್ಟಿಗೆ ಬದುಕಿಕೊಂಡವು. ಹೋಟೆಲಿನ ಅಡುಗೆಮನೆ ಕೇಳುವುದು ಆ ದಿಬ್ಬದ ಮುರು ಮೀನು, ಗಿಳಿಮೀನುಗಳನ್ನೇ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಜೊತೆಗೆ ಕಿತ್ತುಬಂದ ಹವಳದ ಚೂರು ಅದರ ಹೊಟ್ಟೆಯಲ್ಲಿ ಅರೆದು ಬಿಳಿ ಮರಳಾಗಿ ಹೊರಬೀಳುತ್ತದೆ. ಪ್ರವಾಸಿ ಮೈಚೆಲ್ಲಿ ಮಲಗುವ ಮರಳಿನಲ್ಲಿ ಅದರ ಪಾಲೂ ಇದೆ. 1998, 2010, 2016ರಲ್ಲಿ ಕಡಲು ಬಿಸಿಯೇರಿ ಹವಳ ಬಿಳಿಚಿ ಸತ್ತಿತು. ಸತ್ತ ಹವಳಕ್ಕೆ ಪಾಚಿ ಹಿಡಿಯುತ್ತದೆ. ಅದನ್ನು ಕೆರೆದು ತಿನ್ನುವ ಮೀನಿದ್ದರೆ ಮಾತ್ರ ಎಳೆ ಹವಳಕ್ಕೆ ಅಂಟಿಕೊಳ್ಳಲು ಜಾಗ. ದಿಬ್ಬ ಸವೆದರೆ ಅಲೆಯನ್ನು ತಡೆಯುವವರಿಲ್ಲ. ಬಂಗಾರಂ ಬಳಿಯ ಪರಳಿ ಒಂದು ಎಂಬ ಪುಟ್ಟ ದ್ವೀಪ ಕೊರೆತಕ್ಕೆ ಸಿಕ್ಕಿ ಈಗಾಗಲೇ ಇಲ್ಲವಾಗಿದೆ.

ಹಾಗೆಂದು ಪ್ರವಾಸಿಗರೇ ಬೇಡ ಎನ್ನುವವನಲ್ಲ ನಾನು. ಹಗಲು ದ್ವೀಪದಲ್ಲಿ ಸುತ್ತಿ ರಾತ್ರಿ ಹಡಗಿನಲ್ಲೇ ಮಲಗುವ ಸರ್ಕಾರಿ ಪ್ರವಾಸ ಬಹಳ ಹಿಂದೆಯೇ ಶುರುವಾಗಿದೆ. ಹಡಗಿನ ಕೊಳೆಯನ್ನು ಸರಿಯಾಗಿ ನಿಭಾಯಿಸಿದರೆ ಬಾವಿಗೆ ಹಗುರವಾದ ದಾರಿಯದು. ಸ್ಥಳೀಯರ ಮನೆಯಲ್ಲೇ ತಂಗಿದರೆ ಹಣ ನೇರವಾಗಿ ಅವರ ಕೈ ಸೇರುತ್ತದೆ. ನಾನು ಒಪ್ಪದಿರುವುದು ಮಿನಿಕಾಯ್, ಕಡಮತ್, ಸುಹೇಲಿಗಳಲ್ಲಿ ಲಗೂನಿನೊಳಗೆ ಕಂಬ ನೆಟ್ಟು ವಿಲ್ಲಾ ಕಟ್ಟುವ ಯೋಜನೆಯನ್ನು. ಟ್ಯೂನಾಕ್ಕೆ ಎರಚುವ ಜೀವಂತ ಎರೆಮೀನು ಹಿಡಿಯುವುದು ಲಗೂನಿನಲ್ಲೇ. ಅದು ವಿಲ್ಲಾದವರ ಅಂಗಳವಾದರೆ ಹೋಟೆಲಿನಲ್ಲಿ ಹತ್ತು ಕೆಲಸ ಹುಟ್ಟುವಾಗ ದೋಣಿಯಲ್ಲಿ ಎಷ್ಟು ಹೋದವೆಂದು ಯಾರು ಎಣಿಸುತ್ತಾರೆ? ಮೊದಲು ಪ್ರತಿ ದ್ವೀಪದ ಬಾವಿ, ಲಗೂನುಗಳ ಲೆಕ್ಕ ಹಾಕಿ, ಆಮೇಲೆ ಹಾಸಿಗೆಗಳ ಸಂಖ್ಯೆ ಗೊತ್ತುಮಾಡಲಿ. ಈಗ ನಡೆಯುತ್ತಿರುವುದು ತಿರುಗುಮುರುಗಾಗಿ.

ಪ್ರಶ್ನೆ: ಪ್ರವಾಸಿಗರಿಂದ ಹಾಳಾದ ದ್ವೀಪ ಮತ್ತೆ ಸರಿಹೋದ ಉದಾಹರಣೆ ಇದೆಯೇ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇದೆ. ಥಾಯ್ಲೆಂಡಿನ ಪೀ ಪೀ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ ದೋಣಿಗಳ ಲಂಗರಿಗೂ ಜನರ ಕಾಲಿಗೂ ಸಿಕ್ಕಿ ಹವಳ ಪುಡಿಯಾಗಿತ್ತು. 2018ರ ಜೂನ್‌ನಲ್ಲಿ ಕೊಲ್ಲಿಯನ್ನು ಮುಚ್ಚಿದ ಸರ್ಕಾರ 2022ರ ಜನವರಿಯವರೆಗೂ ತೆರೆಯಲಿಲ್ಲ. ಹವಳ ನೆಟ್ಟರು, ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ತಾವಾಗಿ ಮರಳಿದವು. ಈಗ ದೋಣಿಗಳು ದ್ವೀಪದ ಹಿಂಬದಿಯಲ್ಲೇ ನಿಲ್ಲಬೇಕು, ಒಮ್ಮೆಗೆ ಬಿಡುವ ಜನರಿಗೂ ಮಿತಿಯಿದೆ. ಆದರೆ ಅದು ಯಾರೂ ವಾಸವಿಲ್ಲದ ದ್ವೀಪ. ಸಾವಿರಾರು ಜನರ ಮನೆಯಿರುವ ಆಂದ್ರೋತ್‌ಗೋ ಅಗತ್ತಿಗೋ ಮೂರೂವರೆ ವರ್ಷ ಬೀಗ ಹಾಕಲಾಗದು. ಅಲ್ಲಿ ಮಿತಿ ಮೊದಲೇ ಬೇಕು.

ಪ್ರಶ್ನೆ: ಮಕ್ಕಳೊಂದಿಗೆ ಲಕ್ಷದ್ವೀಪಕ್ಕೆ ಹೊರಟಿದ್ದೇವೆ. ನಾವೇನು ಗಮನಿಸಬೇಕು? (ಶಿಕ್ಷಕಿ, ಶಿವಮೊಗ್ಗ)

ಉತ್ತರ: ಊಟಕ್ಕೆ ಟ್ಯೂನಾ ಕೇಳಿ, ಗಿಳಿಮೀನು ಬಡಿಸಿದರೆ ಬೇಡವೆನ್ನಿ. ಕಡಲು ಇಳಿದಾಗ ದಿಬ್ಬ ಬರಿಗಲ್ಲಿನಂತೆ ಕಂಡರೂ ಅದರಲ್ಲಿ ಜೀವವಿದೆ, ಮಕ್ಕಳನ್ನು ಅದರ ಮೇಲೆ ಓಡಾಡಲು ಬಿಡಬೇಡಿ. ಬಿಸಿಲಿಗೆ ಕ್ರೀಮಿಗಿಂತ ತೋಳು ಮುಚ್ಚುವ ಬಟ್ಟೆ ಮೇಲು. ಖಾಲಿ ಬಾಟಲಿ, ಡೈಪರ್, ಶಾಂಪೂ ಪೊಟ್ಟಣಗಳನ್ನು ಚೀಲದಲ್ಲಿ ಕಟ್ಟಿಕೊಂಡು ವಾಪಸು ತನ್ನಿ. ಹವಳದ ಚೂರನ್ನು ಮಾತ್ರ ತರಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.